ಶನಿವಾರದ ಜುಟ್ಟು

ಮಾರ್ಚ್ ೩, ಸೋಮವಾರ

ಕೂದಲಿನ ಬಣ್ಣ ಮಾರುವ ಕಂಪನಿಯವನು ಹೊಸ ವರ್ಷಕ್ಕೆ ಕೊಟ್ಟ ಡೈರಿ ಎರಡು ತಿಂಗಳಿಂದ ಕೌಂಟರಿನ ಕೆಳಗೆ ಬಿದ್ದಿತ್ತು. ಸೋಮವಾರ ಪಾರ್ಲರಿಗೆ ರಜೆ. ಮನೆಯಲ್ಲಿ ಗೋಡೆ ಬಿಟ್ಟರೆ ಮಾತಾಡಲು ಯಾರೂ ಇಲ್ಲ. ಗೋಡೆಗಿಂತ ಕಾಗದ ವಾಸಿ, ಹೇಳಿದ್ದನ್ನು ಇಟ್ಟುಕೊಳ್ಳುತ್ತದೆ.

ಮಗ ಮನೆ ಬಿಟ್ಟು ಇವತ್ತಿಗೆ ಏಳು ತಿಂಗಳು. ಮೊದಮೊದಲು ಫೋನ್ ಮಾಡಿದರೆ ರಿಂಗ್ ಆದರೂ ಆಗುತ್ತಿತ್ತು. ಈಗ ಅದೂ ಇಲ್ಲ. ನಂಬರ್ ಬದಲಾಯಿಸಿರಬೇಕು.

ಆದದ್ದು ಇಷ್ಟೇ. ಗಿಟಾರ್ ಬಾರಿಸುವವರ ಗುಂಪು ಸೇರಿದ ಮೇಲೆ ಅವನು ಒಂದು ದಿನ ತಲೆಯ ಎರಡೂ ಬದಿ ನುಣ್ಣಗೆ ಬೋಳಿಸಿಕೊಂಡು, ನಡುವೆ ಹಣೆಯಿಂದ ಕತ್ತಿನವರೆಗೆ ಹುಂಜದ ಜುಟ್ಟಿನ ಹಾಗೆ ಕೂದಲು ನಿಲ್ಲಿಸಿಕೊಂಡು ಬಂದ. ಮೊಹಾಕ್ ಅನ್ನುತ್ತಾರಂತೆ ಅದಕ್ಕೆ. ಇಪ್ಪತ್ತೆಂಟು ವರ್ಷದಿಂದ ಹೆಂಗಸರ ತಲೆ ತಿದ್ದುತ್ತಿರುವವಳ ಮಗನ ತಲೆ ಹಾಗೆ! ಟೀಚರಮ್ಮ (ಹದಿನೈದು ದಿನಕ್ಕೊಮ್ಮೆ ಬಣ್ಣ ಹಚ್ಚಿಸಿಕೊಳ್ಳಲು ಬರುವ ರಿಟೈರ್ಡ್ ಟೀಚರು) ತಮ್ಮನಿಗೆ ಹೇಳಿ ಒಂದು ಕಚೇರಿಯಲ್ಲಿ ಅವನಿಗೆ ಸಂದರ್ಶನ ಗೊತ್ತು ಮಾಡಿದ್ದರು. ಆ ತಲೆ ಹೊತ್ತು ಹೋದರೆ ಯಾರು ಕೆಲಸ ಕೊಡುತ್ತಾರೆ? ಜ್ವರ ಬಂದು ಮಧ್ಯಾಹ್ನ ನಿದ್ದೆ ಹೋಗಿದ್ದಾಗ ಜುಟ್ಟು ಕತ್ತರಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಗಿಟಾರನ್ನು ಬೆನ್ನಿಗೇರಿಸಿಕೊಂಡು ಹೊರಟ.

ಅವನ ಒಳ್ಳೆಯದಕ್ಕೇ ಮಾಡಿದ್ದು. ಕೂದಲು ತಾನೆ, ಬೆಳೆಯುವುದಿಲ್ಲವೆ? ಇಪ್ಪತ್ತನಾಲ್ಕು ವರ್ಷ ಸಾಕಿದ ತಾಯಿಗಿಂತ ಒಂದು ಗೇಣು ಕೂದಲು ಹೆಚ್ಚಾಯಿತು.

ಮಾರ್ಚ್ ೮, ಶನಿವಾರ

ಮೂರು ಗಂಟೆಗೆ ಒಬ್ಬಳು ಹುಡುಗಿ ಬಂದಳು. ಕಡ್ಡಿಯಂಥವಳು, ಗಂಡಸರ ಶರ್ಟು. ತಲೆಯ ಮೇಲೆ ಅದೇ ಹುಂಜದ ಜುಟ್ಟು. ಆದರೆ ನೀರು ಕಾಣದ ಗಿಡದ ಹಾಗೆ ಒಂದು ಕಡೆಗೆ ವಾಲಿತ್ತು. ಬದಿಗಳಲ್ಲಿ ಬ್ಲೇಡಿನಿಂದ ತಾನೇ ಕೆರೆದುಕೊಂಡ ಗಾಯ.

“ಆಂಟಿ, ಇದನ್ನ ಎತ್ತಿ ನಿಲ್ಲಿಸ್ತೀರಾ?”

“ಇದು ಹೆಂಗಸರ ಪಾರ್ಲರ್ ಕಣಮ್ಮ.”

“ನಾನೂ ಹೆಂಗಸೇ ಆಂಟಿ,” ಎಂದಳು. ಆಮೇಲೆ ಕನ್ನಡಿಯ ಕಡೆ ನೋಡುತ್ತಾ ಹೇಳಿದಳು: “ನಾನು ನಿಮ್ಮ ಮಗನ ಗುಂಪಲ್ಲಿ ಡ್ರಮ್ ಬಾರಿಸ್ತೀನಿ. ಎಲ್ಲಾರೂ ಡಬ್ಬಿ ಅಂತಾರೆ. ಪ್ರತಿ ಶನಿವಾರ ಅವನೇ ಇದನ್ನ ಮಾಡಿಕೊಡ್ತಿದ್ದ.”

“ಹೆತ್ತೋರು ಇಟ್ಟ ಹೆಸರಿಲ್ವಾ ನಿಂಗೆ?”

“ಇದೆ. ಅದು ಬ್ಯಾಂಕಿಗೆ ಮಾತ್ರ.”

ಇಬ್ಬರೂ ಒಂದೇ ರೂಮಿನಲ್ಲಿ ಇದ್ದೇವೆ ಎಂದೂ ಹೇಳಿದಳು, ಹವಾಮಾನದ ಸುದ್ದಿ ಹೇಳಿದಷ್ಟು ಸಲೀಸಾಗಿ. ಕೈಯಲ್ಲಿದ್ದ ಬಾಚಣಿಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುವ ನೆಪದಲ್ಲಿ ಮುಖ ಸರಿಮಾಡಿಕೊಂಡೆ. ಈಗ ಅವನೇ ಯಾಕೆ ಮಾಡಿಕೊಡುವುದಿಲ್ಲ ಎಂದರೆ, “ಅವನಿಗೆ ಬಿಡುವಿಲ್ಲ ಆಂಟಿ” ಅಂದಳು.

ಬಿಡುವಿಲ್ಲದಷ್ಟು ಕೆಲಸ ಸಿಕ್ಕಿದೆ ಎಂದಾಯಿತು. ಅಂದರೆ ಇದೇ ಊರಿನಲ್ಲಿದ್ದಾನೆ, ಉಣ್ಣುತ್ತಿದ್ದಾನೆ, ಮಲಗುತ್ತಿದ್ದಾನೆ.

“ಇವತ್ತು ಪುರುಸೊತ್ತಿಲ್ಲ, ಮುಂದಿನ ಶನಿವಾರ ಬಾ,” ಎಂದೆ. ಮೂರು ಕುರ್ಚಿಯೂ ಖಾಲಿ ಇದ್ದವು. ಅವಳು ಮೂರನ್ನೂ ಒಮ್ಮೆ ನೋಡಿ, “ಆಯ್ತು ಆಂಟಿ” ಎಂದು ಹೋದಳು.

ಮಾರ್ಚ್ ೧೧, ಮಂಗಳವಾರ

ಕೆಲಸ ಕಲಿಯಲು ಬರುವವರಿಗೆಂದು ಇಟ್ಟ ಪ್ಲಾಸ್ಟಿಕ್ ತಲೆಯ ಮೇಲೆ ಪ್ರಯೋಗ ಮಾಡಿದೆ. ಮೊಟ್ಟೆಯ ಬಿಳಿ ಹಚ್ಚಿದರೆ ಕೂದಲು ತಗಡಿನಂತಾಗುತ್ತದೆ, ಆದರೆ ಬಾಗುತ್ತದೆ. ಬರೀ ಜೆಲ್ ಸಾಲದು. ಬರೀ ಸ್ಪ್ರೇ ತುದಿಗೆ ಸರಿ, ಬುಡಕ್ಕಲ್ಲ. ನಾಲ್ಕು ಮೊಟ್ಟೆ ಹಾಳು.

ಆ ತಲೆಗೆಟ್ಟ ಹುಡುಗಿಗೋಸ್ಕರವಲ್ಲ. ಅವಳು ಬಂದರೆ ಅವನ ಸುದ್ದಿ ಬರುತ್ತದೆ. ನನಗೆ ಈ ಕೆಲಸ ಬರುವುದಿಲ್ಲ ಅಂತ ಗೊತ್ತಾದರೆ ಯಾಕೆ ಬರುತ್ತಾಳೆ?

ಮಾರ್ಚ್ ೧೫, ಶನಿವಾರ

ಬಂದಳು. ಮೊದಲು ಬದಿಗಳನ್ನು ಮೆಷಿನ್ ಹಿಡಿದು ನುಣ್ಣಗೆ ಮಾಡಿದೆ. ಗಾಯಗಳ ಸುತ್ತ ನಿಧಾನವಾಗಿ. ನಡುವಿನ ಕೂದಲನ್ನು ಅಡ್ಡಡ್ಡ ಏಳು ಪಾಲು ಮಾಡಿ, ಒಂದೊಂದನ್ನೂ ಮೇಲಕ್ಕೆಳೆದು ಹಿಡಿದು, ತುದಿಯಿಂದ ಬುಡದ ಕಡೆಗೆ ಉಲ್ಟಾ ಬಾಚಿ, ಸ್ಪ್ರೇ ಹೊಡೆದು, ಡ್ರೈಯರ್ ಹಿಡಿದೆ. ಐದು ನಿಮಿಷ ನಿಂತಿತು. ಆಮೇಲೆ ಸುಸ್ತಾದವರ ಹಾಗೆ ಮೆಲ್ಲಗೆ ಒರಗಿತು.

ಅವಳು ನಗಲಿಲ್ಲ. “ಅವನು ಒಂದು ಮಾತು ಹೇಳ್ತಿದ್ದ ಆಂಟಿ. ಬುಡ ಒಣಗದೆ ತುದಿ ನಿಲ್ಲಲ್ಲ. ಬುಡ ಗಟ್ಟಿ ಮಾಡ್ಕೊಂಡ್ರೆ ಮಿಕ್ಕಿದ್ದು ತಾನೇ ನಿಂತ್ಕೊಳ್ಳುತ್ತೆ.”

ಅದು ನನ್ನ ಮಾತು. ಈ ಪಾರ್ಲರಿಗೆ ಕೆಲಸ ಕಲಿಯಲು ಬಂದ ಪ್ರತಿ ಹುಡುಗಿಗೂ ನಾನು ಹೇಳಿಕೊಡುವ ಮೊದಲ ಪಾಠ. ಅವನ ಅಪ್ಪ ತೀರಿಕೊಂಡ ಮೇಲೆ ಅವನು ದಿನಾ ಸಂಜೆ ಶಾಲೆ ಮುಗಿಸಿಕೊಂಡು ನೇರ ಇಲ್ಲಿಗೆ ಬಂದು, ಗಿರಾಕಿಗಳ ಬೆಂಚಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದ. ತಲೆ ಎತ್ತಿ ನೋಡಿದ್ದೇ ನೆನಪಿಲ್ಲ. ಕೇಳಿಸಿಕೊಂಡಿದ್ದಾನೆ!

ತಲೆ ಪೂರ್ತಿ ಕೆಳಗೆ ಬಗ್ಗಿಸಲು ಹೇಳಿ, ಬುಡಕ್ಕೆ ಮೊದಲು ಬಿಸಿಗಾಳಿ, ಆಮೇಲೆ ತಣ್ಣನೆ ಗಾಳಿ ಕೊಟ್ಟೆ. ನಿಂತಿತು. ಒಂದು ಗೇಣು, ಮೇಲೆ ಎರಡು ಬೆರಳು.

“ಹೇಗಿದಾನೆ?” ಎಂದು ಕೇಳಿದೆ, ಕತ್ತಿನ ಮೇಲಿನ ಕೂದಲು ಝಾಡಿಸುತ್ತಾ.

“ಚೆನ್ನಾಗಿದಾನೆ.”

ಈ ಒಂದು ಪದ ಹಿಡಿದುಕೊಂಡು ಮನೆಗೆ ನಡೆದುಬಂದೆ. ಆಟೋ ಹಿಡಿಯುವುದೂ ಮರೆತಿತ್ತು.

ಮಾರ್ಚ್ ೨೯, ಶನಿವಾರ

ಇವತ್ತು ಎರಡು ಸಂಗತಿ.

ಟೀಚರಮ್ಮ ತಲೆಗೆ ಬಣ್ಣ ಹಚ್ಚಿಸಿಕೊಂಡು ಪಕ್ಕದ ಕುರ್ಚಿಯಲ್ಲಿದ್ದರು. ಹುಡುಗಿಯ ಜುಟ್ಟು ಮೇಲೇರುವುದನ್ನು ನೋಡಿ ನೋಡಿ ಕೊನೆಗೆ, “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರೆ. ಈ ಜುಟ್ಟಿಗೆ ಹೂ ಮುಡಿಸೋಕೆ ಏಣಿ ಹಾಕ್ಬೇಕು,” ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಡಬ್ಬಿ. ನನಗೆ ನಗು ಬರಲಿಲ್ಲ. “ಬಣ್ಣ ತೊಳೀಬೇಕು, ತಲೆ ಹಿಂದಕ್ಕೆ ಹಾಕಿ ಟೀಚರಮ್ಮ,” ಎಂದೆ. ನೀರು ಸ್ವಲ್ಪ ತಣ್ಣಗಿತ್ತೋ ಏನೋ, ಚೀರಿದರು.

ಎರಡನೆಯದು. ಅವರು ಹೋದ ಮೇಲೆ ಅವಳು ಕೇಳಿದಳು: “ಆಂಟಿ, ಅವನು ನಿಮಗೆ ಫೋನ್ ಮಾಡ್ತಾನಾ?”

“ಮಾಡ್ದೆ ಇರ್ತಾನಾ? ವಾರಕ್ಕೊಂದು ಸಲ,” ಎಂದುಬಿಟ್ಟೆ.

ಯಾಕೆ ಹಾಗೆ ಹೇಳಿದೆ? ಹೆತ್ತ ಮಗನೇ ಮಾತಾಡಿಸದ ತಾಯಿ ಎಂದು ನಿನ್ನೆ ಮೊನ್ನೆ ಬಂದವಳ ಎದುರು ಒಪ್ಪಿಕೊಳ್ಳಬೇಕಿತ್ತೆ? ಅವಳು ಹೆಗಲ ಮೇಲಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, “ಒಳ್ಳೇದಾಯ್ತು,” ಎಂದಳು.

ಏಪ್ರಿಲ್ ೯, ಬುಧವಾರ

ಅವನ ಹುಟ್ಟಿದ ದಿನ. ಡಬ್ಬಿ ಏನಾದರೂ ಸಿಹಿ ಮಾಡಿಕೊಟ್ಟಿರುತ್ತಾಳೆ. ಮಾಡದಿದ್ದರೆ ಅಂಗಡಿಯಿಂದಾದರೂ ತಂದಿರುತ್ತಾಳೆ. ಹೇಗೋ ಒಬ್ಬಳು ಜೊತೆಗಿದ್ದಾಳಲ್ಲ.

ಏಪ್ರಿಲ್ ೧೨, ಶನಿವಾರ

ಜುಟ್ಟಿನ ಮುಂದಿನ ಅರ್ಧ ನಿಲ್ಲಿಸಿ ಮುಗಿದಿತ್ತು. ಹಿಂದಿನ ಅರ್ಧಕ್ಕೆ ಕೈ ಹಾಕಿದ್ದೆ.

“ಆಂಟಿ, ಮುಂದಿನ ಸಲ ಅವನು ಫೋನ್ ಮಾಡ್ದಾಗ ಒಂದು ಮಾತು ಕೇಳ್ತೀರಾ? ನಾನು ಹೇಳ್ದೆ ಅನ್ಬೇಡಿ. ವಾಪಸ್ ಬರ್ತಾನಾ ಅಂತ ಕೇಳಿ. ಅಷ್ಟೇ.”

“ವಾಪಸ್ಸಾ? ಎಲ್ಲಿಂದ?”

ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

ಡಿಸೆಂಬರಿನಲ್ಲೇ ಹೋಗಿದ್ದಾನೆ. ಬೇರೊಂದು ಗುಂಪಿನಲ್ಲಿ ಹಾಡುವವಳ ಜೊತೆ. ಯಾವ ಊರು ಎಂದು ಹೇಳಿಲ್ಲ. ಬಟ್ಟೆ ತುಂಬಿಕೊಳ್ಳುತ್ತಾ “ಬರ್ತೀನಿ” ಅಂದನಂತೆ. ಬರುತ್ತೇನೆ ಅಂದರೆ ಹೋಗುತ್ತೇನೆ ಅಂತಲೋ, ಮತ್ತೆ ಬರುತ್ತೇನೆ ಅಂತಲೋ, ಈ ನಾಲ್ಕು ತಿಂಗಳು ಇವಳು ಅದನ್ನೇ ಬಿಡಿಸುತ್ತಾ ಕೂತಿದ್ದಾಳೆ.

“ನಿಮಗಾದ್ರೂ ಹೇಳಿರ್ತಾನೆ ಅಂತ ಬಂದೆ ಆಂಟಿ. ಜುಟ್ಟು ಒಂದು ನೆಪ.”

“ಇಷ್ಟು ವಾರ ನನ್ನ ಕುರ್ಚೀಲಿ ಕೂತು ಚೆನ್ನಾಗಿದಾನೆ, ಚೆನ್ನಾಗಿದಾನೆ ಅಂದ್ಯಲ್ಲೇ!”

“ಮೊದ್ಲು ಸುಳ್ಳೇ ಹೇಳಿದ್ದೆ ಆಂಟಿ. ಆಮೇಲೆ ನೀವು ವಾರಕ್ಕೊಂದು ಸಲ ಫೋನ್ ಮಾಡ್ತಾನೆ ಅಂದ್ರಲ್ಲ. ಅವನು ಚೆನ್ನಾಗಿದಾನೆ ಅಂತ ನಾನೂ ನಂಬ್ಕೊಂಡೆ.”

ಕೈಯಲ್ಲಿದ್ದ ಬಾಚಣಿಗೆಯನ್ನು ಕೌಂಟರಿನ ಮೇಲೆ ಕುಕ್ಕಿದೆ. “ಎದ್ದು ಹೋಗು. ಇನ್ನು ಬರಬೇಡ,” ಎಂದೆ. ಹೆಗಲ ಮೇಲಿನ ಬಟ್ಟೆಯನ್ನು ಅವಳೇ ಬಿಚ್ಚಿ, ಮಡಿಸಿ, ಕುರ್ಚಿಯ ಕೈ ಮೇಲಿಟ್ಟಳು. ಜುಟ್ಟಿನ ಮುಂಭಾಗ ನೆಟ್ಟಗೆ, ಹಿಂಭಾಗ ಕತ್ತಿನ ಮೇಲೆ ಒದ್ದೆಯಾಗಿ ಬಿದ್ದುಕೊಂಡು, ಹಾಗೇ ಬೀದಿಗಿಳಿದಳು. ಎದುರಿನ ಬಸ್ ಸ್ಟಾಪಿನಲ್ಲಿದ್ದವರು ನಗುತ್ತಿದ್ದರು.

ಇಪ್ಪತ್ತೆಂಟು ವರ್ಷದಲ್ಲಿ ಯಾರನ್ನೂ ಅರ್ಧ ತಲೆಯಲ್ಲಿ ಎಬ್ಬಿಸಿ ಕಳಿಸಿರಲಿಲ್ಲ.

ಏಪ್ರಿಲ್ ೧೩, ಭಾನುವಾರ

ನನಗೆ ಅವನು ಹೋಗಿ ಎಂಟು ತಿಂಗಳು. ಅವಳಿಗೆ ನಾಲ್ಕು. ನಾನು ಹಿರಿಯಳು ಎನ್ನಬೇಕಷ್ಟೆ.

ಏಪ್ರಿಲ್ ೧೯, ಶನಿವಾರ

ಬರಲಿಲ್ಲ. ಬಾ ಎಂದು ನಾನೇನೂ ಹೇಳಿಲ್ಲವಲ್ಲ.

ಏಪ್ರಿಲ್ ೨೬, ಶನಿವಾರ

ಮೂರು ಗಂಟೆಗೆ ಒಬ್ಬರು ಹುಬ್ಬು ತಿದ್ದಿಸಿಕೊಳ್ಳಲು ಬಂದರು. ಇನ್ನೊಂದು ದಿನ ಬನ್ನಿ ಎಂದು ಕಳಿಸಿ, ಕುರ್ಚಿ ಖಾಲಿ ಇಟ್ಟುಕೊಂಡು ಕಾದೆ. ಐದಾಯಿತು. ಬರಲಿಲ್ಲ.

ಟೀಚರಮ್ಮ ಬಂದಿದ್ದರು. ನನ್ನ ಮುಖ ನೋಡಿ ಏನು ಅಂದುಕೊಂಡರೋ, “ಸಿಟ್ಟಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರಲ್ಲ ಕಣಮ್ಮ,” ಎಂದರು. ಡಬ್ಬಿಯ ವಿಷಯಕ್ಕೋ ಮಗನ ವಿಷಯಕ್ಕೋ, ನಾನು ಕೇಳಲಿಲ್ಲ.

ಈ ಡೈರಿಯ ಮೊದಲ ಪುಟ ತೆಗೆದು ಓದಿದೆ. ಬರೆದದ್ದರಲ್ಲಿ ಪೂರ್ತಿ ನಿಜ ಇಲ್ಲ. ನನಗೇ ಬರೆದುಕೊಂಡದ್ದರಲ್ಲೂ ಇಲ್ಲ.

ಸಂದರ್ಶನ ಇನ್ನೂ ಹತ್ತು ದಿನದಾಚೆಗಿತ್ತು. ಕೂತು ಮಾತಾಡಬಹುದಿತ್ತು. ಅವತ್ತು ಬೆಳಿಗ್ಗೆ ಪಾರ್ಲರಿನಲ್ಲಿ ಇಬ್ಬರು ಗಿರಾಕಿಗಳು ಅವನು ರಸ್ತೆ ದಾಟುವುದನ್ನು ನೋಡಿ ಕಿಸಕ್ಕೆಂದಿದ್ದರು. ನನಗೆ ಅದು ಚುಚ್ಚಿತ್ತು. ಮನೆಗೆ ಬಂದಾಗ ಅವನು ಜ್ವರದಲ್ಲಿ ಮುಲುಗುತ್ತಾ ಮಲಗಿದ್ದ. ಹಣೆಗೆ ಒದ್ದೆ ಬಟ್ಟೆ ಹಾಕಲು ಕೂತವಳು ಚೀಲದಿಂದ ಕತ್ತರಿ ತೆಗೆದೆ.

ಮತ್ತೆ, ಅವನಿಗೆ ನಿದ್ದೆ ಬಂದಿರಲಿಲ್ಲ. ಮೊದಲ ಹಿಡಿ ಕತ್ತರಿಸಿದಾಗ ಕಣ್ಣು ಬಿಟ್ಟ. ಕೈ ಎತ್ತಲೂ ಶಕ್ತಿ ಇರಲಿಲ್ಲ. “ಅಮ್ಮಾ, ಬೇಡಮ್ಮ,” ಅಂದ.

ನಾನು ನಿಲ್ಲಿಸಲಿಲ್ಲ. ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಕೊನೆಯವರೆಗೂ ನಿದ್ದೆ ಬಂದವನ ಹಾಗೆ ಮಲಗಿದ್ದ.

ಇಷ್ಟೇ.

ಮೇ ೨, ಶುಕ್ರವಾರ

ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಅವಳ ನಂಬರಿತ್ತು. ಫೋನ್ ಮಾಡಿ ವಿಳಾಸ ಕೇಳಿದೆ. ಯಾಕೆ ಎಂದು ಕೇಳದೆ ಹೇಳಿದಳು. ಮೆಷಿನ್, ಡ್ರೈಯರ್, ಸ್ಪ್ರೇ ಎಲ್ಲ ಚೀಲಕ್ಕೆ ತುಂಬಿಕೊಂಡು, ಬೆಳಿಗ್ಗೆ ಹತ್ತಕ್ಕೆ ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಕಬ್ಬಿಣದ ಮೆಟ್ಟಿಲು, ತಗಡಿನ ಮಾಡಿನ ಒಂದೇ ರೂಮು. ಒಂದು ಚಾಪೆ, ಒಂದು ಸ್ಟವ್, ಮಿಕ್ಕ ಜಾಗವೆಲ್ಲ ಡ್ರಮ್ಮುಗಳು. ನನ್ನ ಮಗ ಐದು ತಿಂಗಳು ಇಲ್ಲಿದ್ದ. ನನ್ನ ಪಾರ್ಲರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ.

ಅವಳು ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಬಿಚ್ಚಿಸಿದೆ. ಬದಿಗಳಲ್ಲಿ ಮುಳ್ಳು ಮುಳ್ಳಾಗಿ ಕೂದಲು ಬೆಳೆದಿತ್ತು.

“ಅವತ್ತು ಹಾಗೆ ಎಬ್ಬಿಸಿ ಕಳಿಸಬಾರದಿತ್ತು,” ಎಂದೆ. ಇದಕ್ಕಿಂತ ಚೆನ್ನಾಗಿ ಕ್ಷಮೆ ಕೇಳಲು ನನಗೆ ಬರುವುದಿಲ್ಲ.

“ಬಸ್ಸಲ್ಲಿ ಒಬ್ರು ಸೀಟು ಬಿಟ್ಟುಕೊಟ್ರು ಆಂಟಿ. ತಲೆಗೆ ಆಪರೇಷನ್ ಆಗಿದೆ ಅಂದ್ಕೊಂಡ್ರು.”

ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಚಾಪೆಯ ಮೇಲೆ ಕೂರಿಸಿಕೊಂಡು ಮೆಷಿನ್ ಹಿಡಿದೆ. ಮೆಷಿನ್ನಿನ ಸದ್ದಿನ ನಡುವೆ ಅವಳೇ ಎತ್ತಿದಳು: “ನೀವು ಅವನ ಜುಟ್ಟು ಕತ್ತರಿಸಿದ್ದು ನಂಗೆ ಗೊತ್ತು. ಅವನು ಹೇಳಿದ್ದ.”

ಮೆಷಿನ್ ಆರಿಸಿದೆ. “ಏನಂತ ಹೇಳಿದ್ದ?”

“ಜ್ವರ ಬಂದು ಮೈಮೇಲೆ ಪ್ರಜ್ಞೆ ಇಲ್ದೆ ಮಲಗಿದ್ದೆ, ಎದ್ದು ನೋಡಿದ್ರೆ ಜುಟ್ಟೇ ಇರ್ಲಿಲ್ಲ, ಕತ್ತರಿಸಿದ್ದು ಗೊತ್ತೇ ಆಗ್ಲಿಲ್ಲ ಅಂದಿದ್ದ. ಎಲ್ಲಾರ ಹತ್ರಾನೂ ಹಾಗೇ ಹೇಳ್ತಿದ್ದ. ಯಾಕೆ ಆಂಟಿ?”

“ಏನಿಲ್ಲ,” ಎಂದೆ.

ಅಷ್ಟು ಸಿಟ್ಟಿನಲ್ಲೂ ಆ ಒಂದನ್ನು ಮಾತ್ರ ಯಾರಿಗೂ ಹೇಳಿಲ್ಲ ಅವನು. ತಾನು ಬೇಡ ಅಂದರೂ ತಾಯಿ ಕೇಳಲಿಲ್ಲ ಎಂಬುದನ್ನು ಮುಚ್ಚಿಟ್ಟಿದ್ದಾನೆ. ನನ್ನ ಮಾನ ಕಾಪಾಡಲೋ, ಅಥವಾ ತನಗೇ ಆಡಲು ಬಾರದೆಯೋ. ಬೈದು ಊರೆಲ್ಲ ಹೇಳಿಕೊಂಡು ತಿರುಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಡಬ್ಬಿಗೆ ನಡೆದದ್ದನ್ನು ಹೇಳಿದೆ, ಕತ್ತರಿ ತೆಗೆದದ್ದರಿಂದ ಹಿಡಿದು. ಅವಳು ತಿರುಗಿ ನೋಡಲಿಲ್ಲ. ತಿರುಗಿದ್ದರೆ ನನಗೆ ಮುಗಿಸಲು ಆಗುತ್ತಿರಲಿಲ್ಲ. ಕೊನೆಗೆ, “ಇನ್ನೊಂದು ಬದಿ ಬಾಕಿ ಇದೆ ಆಂಟಿ,” ಎಂದು ತಲೆಯನ್ನು ನನ್ನ ಕೈಗೆ ಒರಗಿಸಿದಳು.

ಮೇ ೧೭, ಶನಿವಾರ

ನಮ್ಮ ಡಬ್ಬಿಗೆ ಕೆಂಪು ಬಣ್ಣ ಬೇಕಂತೆ. ತುದಿಗೆ ಮಾತ್ರ ಸಾಕು ಎಂದಳು, ನಾನು ಒಪ್ಪಲಿಲ್ಲ. ತುದಿಗೆ ಮಾತ್ರ ಹಚ್ಚಿದರೆ ಬೆಂಕಿಕಡ್ಡಿಯ ಹಾಗೆ ಕಾಣುತ್ತದೆ. ಬುಡದಲ್ಲಿ ಕಪ್ಪಗಿದ್ದು, ಮೇಲೇರುತ್ತಾ ಕೆಂಪಾಗಬೇಕು. ಮೊದಲು ಬ್ಲೀಚ್, ಆಮೇಲೆ ಮೂರು ಬಣ್ಣ ಬೆರೆಸಿ ಹಚ್ಚಿದೆ. ನಾಲ್ಕು ಗಂಟೆ ಹಿಡಿಯಿತು. ಇಡೀ ಕೆಲಸದಲ್ಲಿ ಮಗನ ಮಾತು ಬರಲಿಲ್ಲ. ಅವಳ ತಾಯಿ ಚಿಕ್ಕಂದಿನಲ್ಲೇ ತೀರಿಹೋದದ್ದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಾರಿಸಿ ನಗ್ಗಿಸಿ ಚಿಕ್ಕಮ್ಮನ ಕೈಯಲ್ಲಿ ಈ ಹೆಸರು ಸಂಪಾದಿಸಿದ್ದು, ಎಲ್ಲ ಹೇಳಿದಳು.

ಯಾರೋ ಇಬ್ಬರು ಕಾಲೇಜು ಹುಡುಗಿಯರು ಗಾಜಿನ ಬಾಗಿಲಲ್ಲಿ ಇಣುಕಿ, ಇದೇ ತರಹ ಮಾಡುತ್ತೀರಾ ಎಂದು ಕೇಳಿಕೊಂಡು ಹೋದರು. ಮಾಡುತ್ತೇನೆ ಎಂದೆ. ಮನೇಲಿ ಕೇಳಿಕೊಂಡು ಬನ್ನಿ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ.

ಈ ತಿಂಗಳ ಕೊನೆಯ ಶನಿವಾರ ಅವಳ ಗುಂಪಿನ ಕಾರ್ಯಕ್ರಮ. ನಾನೂ ಬರಬೇಕಂತೆ. ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತೇನೆ ಎಂದಿದ್ದೇನೆ.

ಮೇ ೩೧, ಶನಿವಾರ

ಸಂಜೆ ಕಾರ್ಯಕ್ರಮ, ಬೆಳಿಗ್ಗೆ ಹನ್ನೊಂದಕ್ಕೇ ಬಂದಳು. ಕುರ್ಚಿಯಲ್ಲಿ ಕೂತವಳು ಎಂದಿನಂತೆ ಕಾಲು ಕುಣಿಸುತ್ತಿರಲಿಲ್ಲ. ತಲೆ ತೊಳೆದು, ಪಾಲು ಮಾಡಿ, ಮೊದಲ ಪಾಲು ಎತ್ತಿ ಹಿಡಿದಾಗ ಹೇಳಿದಳು.

“ಆಂಟಿ, ನಿನ್ನೆ ಫೋನ್ ಮಾಡಿದ್ದ.”

ಯಾರು ಎಂದು ಕೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ಕೂದಲನ್ನು ಬಿಡದೆ ಹಾಗೇ ಹಿಡಿದುಕೊಂಡು ನಿಂತೆ.

“ಬಿಟ್ಟುಹೋದ ಸ್ಪೀಕರ್ ಪೆಟ್ಟಿಗೆ ಬೇಕಂತೆ. ಪಾರ್ಸೆಲ್ ಮಾಡು ಅಂತ ವಿಳಾಸ ಕೊಟ್ಟ.”

“ನಿನ್ನ ವಿಷ್ಯ ಏನಂದ?”

“ಪೆಟ್ಟಿಗೆ ಜೋಪಾನವಾಗಿ ಕಟ್ಟು ಅಂದ.” ಸ್ವಲ್ಪ ನಕ್ಕಳು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಏನೂ ಕೇಳಲಿಲ್ಲ, ಆಣೆ ಇಟ್ಟು ಹೇಳುತ್ತೇನೆ, ಬಾಯಿ ಬಿಡಲಿಲ್ಲ. ಆದರೂ ಅವಳು ಹೇಳತೊಡಗಿದಳು.

“ನಿಮ್ಮನ್ನೂ ಕೇಳ್ದ ಆಂಟಿ. ‘ನಮ್ಮಮ್ಮ ಹೇಗಿದಾರೆ, ಆರೋಗ್ಯ ನೋಡ್ಕೋತಾರಾ’ ಅಂದ. ‘ಅವರ ಕೈ ಅಡುಗೆ ತುಂಬಾ ನೆನಪಾಗುತ್ತೆ’ ಅಂದ.”

ನನ್ನ ಮಗ ಮಾತು ಕಲಿತಾಗಿನಿಂದ ಅಮ್ಮ ಬಂದಳು, ಅಮ್ಮ ಹೋದಳು ಎಂದೇ ಹೇಳಿದವನು. ಅವನ ಬಾಯಲ್ಲಿ ನಾನು ಒಂದು ದಿನವೂ ‘ಅವರು’ ಆದವಳಲ್ಲ. ಅದಾದರೂ ಇರಲಿ, ಹುಡುಗಿ ಮರ್ಯಾದೆಗೆ ತಿದ್ದಿ ಹೇಳಿದ್ದಾಳೆ ಎಂದುಕೊಳ್ಳಬಹುದಿತ್ತು. ಆದರೆ ಅಡುಗೆ? ನಾನು ರಾತ್ರಿ ಎಂಟರವರೆಗೆ ಪಾರ್ಲರಿನಲ್ಲಿ ನಿಲ್ಲುತ್ತಿದ್ದೆ. ಅವನು ಹದಿಮೂರನೆಯ ವರ್ಷದಿಂದ ಇಬ್ಬರಿಗೂ ತಾನೇ ಬೇಯಿಸುತ್ತಿದ್ದ. ‘ಅಮ್ಮನ ಕೈ ಕತ್ತರಿಗೆ ಸರಿ, ಸೌಟಿಗಲ್ಲ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನನ್ನ ಕೈ ಅಡುಗೆ ನೆನಪಾದರೆ ಅವನಿಗೆ ಹೊಟ್ಟೆನೋವು ನೆನಪಾಗಬೇಕು.

ಅವನು ಕೇಳಿಲ್ಲ. ಒಂದು ಮಾತೂ ಕೇಳಿಲ್ಲ. ಈ ಮಗು ನಿನ್ನೆಯಿಂದ ಕೂತು, ತನ್ನದೇ ಎದೆ ಒಡೆದಿರುವಾಗ, ನನಗೋಸ್ಕರ ಇದನ್ನು ಜೋಡಿಸಿಕೊಂಡು ಬಂದಿದ್ದಾಳೆ.

“ಹೌದಾ,” ಎಂದೆ. “ಹಾಗಂದ್ನಾ?”

“ಹೂಂ ಆಂಟಿ. ಹೊಸ ನಂಬರ್ ಇದೆ. ಕೊಡ್ಲಾ?”

“ನಂಗೆ ಕೊಡು ಅಂದ್ನಾ?”

ಅಷ್ಟು ಹೊತ್ತು ಸರಾಗವಾಗಿ ಹೇಳಿದವಳು ಇಲ್ಲಿ ತಡವರಿಸಿದಳು. ತೊಡೆಯ ಮೇಲಿದ್ದ ಫೋನನ್ನು ಎರಡು ಸಲ ಮಗುಚಿದಳು.

“ಇಲ್ಲ.”

“ಹಾಗಾದ್ರೆ ಬೇಡ. ಮತ್ತೆ ಮಾಡಿದ್ರೆ, ನಾನು ಚೆನ್ನಾಗಿದೀನಿ ಅಂತ ಹೇಳು. ಕೇಳಿದ್ದಕ್ಕೆ ಖುಷಿಪಟ್ರು ಅಂತ ಹೇಳು.”

“ಹೇಳ್ತೀನಿ,” ಎಂದಳು. ದೊಡ್ಡ ಹೊರೆ ಇಳಿಸಿದವಳ ಹಾಗೆ ಉಸಿರು ಬಿಟ್ಟಳು. ಕಣ್ಣಲ್ಲಿ ನೀರು ನಿಂತಿತ್ತು.

“ತಲೆ ಬಗ್ಗಿಸು. ಬುಡ ಒದ್ದೆ ಇದೆ.”

ಅವಳು ತಲೆಯನ್ನು ಮೊಣಕಾಲಿನವರೆಗೂ ಬಗ್ಗಿಸಿದಳು. ಕೆಂಪು ಕೂದಲು ನೆಲಕ್ಕೆ ಇಳಿಬಿತ್ತು. ನಾನು ಡ್ರೈಯರ್ ಹಾಕಿದೆ. ಬಗ್ಗಿದ ಅವಳ ಬೆನ್ನು ಅದುರುತ್ತಿತ್ತು. ಒಂದು ಕೈಯನ್ನು ಆ ಬೆನ್ನಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಗಾಳಿ ಕೊಡುತ್ತಾ ಹೋದೆ. ಕೂದಲು ಬೇಗನೆ ಒಣಗಿತು. ಡ್ರೈಯರ್ ಮಾತ್ರ ಆರಿಸಲಿಲ್ಲ. ಅದರ ಸದ್ದಿನಲ್ಲಿ ಅವಳಿಗೆ ನಾನು ಕೇಳಿಸುವುದಿಲ್ಲ, ನನಗೆ ಅವಳೂ ಕೇಳಿಸುವುದಿಲ್ಲ.